ನಾನು ನೋಡಿದ ಮೇಲೂ ನೋಡುವವರು

ಗೌಂಡಿ ಕಾಕಾ ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಹಸಿ ಸಿಮೆಂಟಿನಲ್ಲಿ ಆಡಿದ ಕೈ. ಹತ್ತೂ ಬೆರಳು ಸವೆದು ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು. ಕಂದಲಗಾಂವದ ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಗುರುತಿಸುತ್ತಲೇ ಇರಲಿಲ್ಲವಂತೆ. ಧೋತರಕ್ಕೆ ಒರೆಸಿ ಇಡುವುದು, ಮತ್ತೆ ಒರೆಸಿ ಮತ್ತೆ ಇಡುವುದು, ಕೊನೆಗೆ ಹೆಂಡತಿಯನ್ನು ಕರೆತರುವುದು. ಇದನ್ನು ಅವರೇ ನಗುತ್ತ ಹೇಳುತ್ತಿದ್ದರು. ಕೇಳಿದವರೆಲ್ಲ ಅವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ನಾನೂ ಇಪ್ಪತ್ತು ವರ್ಷದಿಂದ ವಾಯರಮನ್, ಕರೆಂಟಿನ ಕೆಲಸದವನು. ನನ್ನ ಕೈಯಲ್ಲೂ ಸುಟ್ಟ ಕಲೆಗಳಿವೆ, ಕೊಯ್ದ ಗಾಯಗಳಿವೆ. ಅದನ್ನು ಯಾರೂ ಹಾಗೆ ಹಿಡಿದು ನೋಡಿದ್ದು ನನಗೆ ನೆನಪಿಲ್ಲ.

ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮನೆ ಕಟ್ಟುವ ಮೇಸ್ತ್ರಿಗೆ ಗೌಂಡಿ ಎನ್ನುತ್ತಾರೆ. ಇವರು ಕಟ್ಟುವುದನ್ನು ಬಿಟ್ಟು ಬರೀ ಗಿಲಾವು, ಅಂದರೆ ಗೋಡೆಗೆ ಸಿಮೆಂಟು ಹಚ್ಚುವ ಕೆಲಸ ಹಿಡಿದಿದ್ದರು. ಎಲ್ಲರಿಗೂ ಗೌಂಡಿ ಕಾಕಾ. ಸೊಲ್ಲಾಪುರದ ಒಬ್ಬ ಕಂತ್ರಾಟದಾರನ ಕೈಕೆಳಗೇ ನಾವಿಬ್ಬರೂ ಹನ್ನೊಂದು ವರ್ಷ ದುಡಿದೆವು. ಅವರು ಕಂದಲಗಾಂವದಿಂದ ಬಸ್ಸಿನಲ್ಲಿ, ನಾನು ಅಕ್ಕಲಕೋಟೆಯಿಂದ ಮೋಟಾರ್ ಸೈಕಲ್ಲಿನಲ್ಲಿ. ನಾನು ಎಷ್ಟು ಬೇಗ ಹೊರಟರೂ ಅವರು ಮೊದಲೇ ಬಂದು ಮರಳು ಜರಡಿ ಹಿಡಿಯುತ್ತಿದ್ದರು. ಅದೂ ನನಗೆ ಸಹಿಸಲಾಗುತ್ತಿರಲಿಲ್ಲ.

ಹಳೆಯ ಮನೆಗಳ ಗಿಲಾವು ಕಿತ್ತು ಹೊಸದು ಹಚ್ಚುವಾಗ ವಾಯರಮನ್ ಮತ್ತು ಗೌಂಡಿ ಇಬ್ಬರ ಕೆಲಸವೂ ಒಂದೇ ಗೋಡೆಯ ಮೇಲೆ ಬೀಳುತ್ತದೆ. ಸ್ವಿಚ್ ಬೋರ್ಡು, ಸಾಕೆಟ್ಟು ಇರುವ ಕಡೆ ನಾನು ಲೈನು ಬಂದ್ ಮಾಡಿ, ಮುಚ್ಚಳ ಬಿಚ್ಚಿ, ತಂತಿಗಳ ತುದಿಗೆ ಟೇಪು ಸುತ್ತಿ ಕೊಡಬೇಕು. ಅವರು ಡಬ್ಬಿಯೊಳಗೆ ಸಿಮೆಂಟು ಹೋಗದಂತೆ ಕಾಗದ ತುರುಕಿ, ಸುತ್ತ ಗಿಲಾವು ಹಚ್ಚಿ, ಅಂಚು ಸಮ ಮಾಡಬೇಕು. ಇಷ್ಟೇ. ಆದರೆ ನಾನು ಬಂದ್ ಮಾಡಿದೆ ಎಂದು ಹೇಳಿದ ಮೇಲೂ ಅವರು ಥಾಪಿಯಲ್ಲಿ ಸಿಮೆಂಟು ಎತ್ತುತ್ತಿರಲಿಲ್ಲ. ಚೀಲದಿಂದ ಒಂದು ಬಲ್ಬು ತೆಗೆಯುತ್ತಿದ್ದರು. ಹೋಲ್ಡರಿಗೆ ಎರಡು ತಂತಿ ಜೋಡಿಸಿಕೊಂಡ ಬಲ್ಬು. ಅದನ್ನು ಮೊದಲು ಚಾಲೂ ಇರುವ ಬೇರೊಂದು ಸಾಕೆಟ್ಟಿನಲ್ಲಿ ಹತ್ತಿಸಿ, ಸುಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ನಾನು ಬಿಚ್ಚಿಟ್ಟ ಬೋರ್ಡಿನ ಒಂದೊಂದು ತಂತಿಗೂ ಹಿಡಿದು ನೋಡುವುದು. ಮುಗಿದ ಮೇಲೆ ಇನ್ನೊಮ್ಮೆ ಚಾಲೂ ಸಾಕೆಟ್ಟಿಗೆ ಹೋಗಿ ಹತ್ತಿಸುವುದು. ಹಚ್ಚಿದ ಗಿಲಾವು ಪೂರ್ತಿ ಒಣಗುವ ತನಕ ಆ ಬೋರ್ಡಿಗೆ ಕರೆಂಟು ಕೊಡಲು ಬಿಡುತ್ತಿರಲಿಲ್ಲ. ಸೊಲ್ಲಾಪುರದ ಬೇಸಿಗೆಯಲ್ಲಿ ಮನೆಯವರು ಫ್ಯಾನಿಲ್ಲದೆ ಎಷ್ಟು ಗೊಣಗಿದರೂ ಇಲ್ಲ.

ಮೊದಲ ಸಲ ಹಾಗೆ ಮಾಡಿದಾಗ ನನಗೆ ಸಿಟ್ಟು ಬಂತು. ನಾನು ನೋಡಿ ಆಯಿತಲ್ಲ, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದೆ.

“ನೀ ನೋಡಿದಿ ತಮ್ಮಾ. ನಾ ಇನ್ನಾ ನೋಡಿಲ್ಲ,” ಎಂದರು.

ಹನ್ನೊಂದು ವರ್ಷ ಇದೇ ಉತ್ತರ. ದನಿ ಒಮ್ಮೆಯೂ ಏರಲಿಲ್ಲ. ಅಷ್ಟು ಭಯ ಯಾಕೆ ಎಂದು ಯಾರೋ ಚೇಷ್ಟೆ ಮಾಡಿದಾಗ ಮಾತ್ರ, ಭಯವಲ್ಲ, ಸಿಮೆಂಟೂ ಹಸಿ, ಗೋಡೆಯೂ ಹಸಿ, ನನ್ನ ಕೈಯೂ ಹಸಿ, ಕರೆಂಟಿಗೆ ಇನ್ನೇನು ಬೇಕು ಎಂದು ವಿವರಿಸಿದ್ದರು. ಮನೆ ಮಾಲಕರು ಇದನ್ನೆಲ್ಲ ಕೈಕಟ್ಟಿ ನಿಂತು ಕೇಳುತ್ತಿದ್ದರು. ಕರೆಂಟಿನ ವಿಷಯ ನನ್ನದು. ಅದನ್ನು ಕೇಳಲು ಗೌಂಡಿಯ ಬಳಿ ಹೋಗುತ್ತಿದ್ದರು. ಅವರಿಗೆ ಕುರ್ಚಿ, ನನಗೆ ‘ಏ ವಾಯರಮನ್’.

ಒಮ್ಮೆ ಸೊಲ್ಲಾಪುರದ ಚಾದರ ವ್ಯಾಪಾರಿಯೊಬ್ಬರ ಹಳೆಯ ವಾಡೆಯಲ್ಲಿ ಕೆಲಸ ಬಂತು. ಮೇಲಿನ ಅಂತಸ್ತಿನ ಒಂದು ಗೋಡೆ ತಂಪು ಹಿಡಿದು, ಸ್ವಿಚ್ ಬೋರ್ಡಿನ ಸುತ್ತಲ ಗಿಲಾವು ಉದುರಿತ್ತು. ನಾನು ಮನೆಯ ಮೇನ್ ಬಂದ್ ಮಾಡಿ ಬಂದೆ. ಇನ್ನು ಯಾವ ಲೈನು ಬಂದೀತು ಎಂಬ ಧೈರ್ಯದಿಂದ ಟೆಸ್ಟರನ್ನು ಜೇಬಿನಿಂದ ತೆಗೆಯಲೂ ಇಲ್ಲ. ಕಾಕಾ ಬಲ್ಬು ಹಿಡಿದರು. ಅದು ಹತ್ತಿತು.

ಸಾಹುಕಾರ್ರು ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಾಕಾ ಬಲ್ಬನ್ನು ಸಾವಕಾಶ ಚೀಲಕ್ಕೆ ಹಾಕಿ, ಈ ಗೋಡೆ ಇನ್ನೂ ಬಹಳ ಹಸಿ ಇದೆ, ಇವತ್ತು ಆಚೆ ಗೋಡೆ ಹಿಡಿಯುತ್ತೇವೆ ಎಂದು ಅವರಿಗೆ ಹೇಳಿದರು. ಸಾಹುಕಾರ್ರು ತಲೆಯಾಡಿಸಿ ಹೋದರು. ಆಮೇಲೆ ಕಾಕಾ ನನ್ನ ಕಡೆ ನೋಡದೆಯೇ, ಕೆಳಗಿನ ಬಾಡಿಗೆ ಅಂಗಡಿಯ ಮೀಟರಿನಿಂದ ಯಾರೋ ಹಿಂದೆ ಲೈನು ಎಳೆದಿರಬೇಕು, ನೋಡು ಎಂದರು. ಹೋಗಿ ನೋಡಿದೆ. ಹಾಗೇ ಇತ್ತು.

ಆ ದಿನ ನಾನು ಅವರ ಕಾಲಿಗೆ ಬೀಳಬೇಕಿತ್ತು. ಅವರ ಜೀವ ಹೋಗುವುದಿತ್ತು, ನನ್ನ ಮರ್ಯಾದೆ ಹೋಗುವುದಿತ್ತು. ಎರಡನ್ನೂ ಅವರೇ ಉಳಿಸಿಕೊಟ್ಟಿದ್ದರು. ಆದರೆ ನನಗಾದದ್ದು ಹೊಟ್ಟೆಕಿಚ್ಚು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಯಾರ ಮುಂದೂ ಆಡಲಿಲ್ಲ ಎಂಬುದೇ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಮರುವರ್ಷ ಅಕ್ಕಲಕೋಟೆಯ ನಮ್ಮ ಮನೆಯ ಅಡುಗೆ ಕೋಣೆಯ ಗಿಲಾವು ಮಾಡಿಸಬೇಕಾಯಿತು. ಬೇರೆ ಯಾರನ್ನಾದರೂ ಕರೆಯೋಣ ಎಂದರೆ ಹೆಂಡತಿ ಕೇಳಲಿಲ್ಲ, ಗೌಂಡಿ ಕಾಕಾನೇ ಬೇಕು ಎಂದಳು. ಮೂರು ದಿನ ಬಂದರು. ಆಗ ನನ್ನ ಮಗಳು ಹತ್ತನೆಯ ಇಯತ್ತೆಯಲ್ಲಿದ್ದಳು. ಸಾಲಿಯಿಂದ ಬಂದವಳೇ ಅವರ ಹಿಂದೆ ನಿಲ್ಲುತ್ತಿದ್ದಳು. ಬೋರ್ಡಿನಿಂದ ತಂತಿ ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ, ಅದರ ನೇರಕ್ಕೆ ಎಂದೂ ಮೊಳೆ ಹೊಡೆಯಬಾರದು ಎಂದು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ತೋರಿಸುತ್ತಿದ್ದರು. ಬಲ್ಬಿನ ಪರೀಕ್ಷೆ ಕಲಿಸಿದರು. ನಾನು ಹೇಳಿಕೊಡಹೋದರೆ ಮೊಬೈಲು ನೋಡುವ ಹುಡುಗಿ, ಅಲ್ಲಿ ಕಣ್ಣು ಮಿಟುಕಿಸದೆ ನಿಂತಿದ್ದಳು.

ಹತ್ತನೆಯದು ಪಾಸಾದ ಮೇಲೆ ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ಕೋರ್ಸಿಗೇ ಸೇರಿದಳು. ನನ್ನ ಕಸುಬನ್ನು ಹಿಡಿದಳು ಎಂದು ನಾನು ಓಣಿಯೆಲ್ಲ ಹೇಳಿಕೊಂಡು ತಿರುಗಿದೆ. ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು: ಪ್ರ್ಯಾಕ್ಟಿಕಲ್‌ನಲ್ಲಿ ಇಡೀ ವರ್ಗದಲ್ಲಿ ತಾನೊಬ್ಬಳೇ ಬಲ್ಬನ್ನು ಮೊದಲು ಚಾಲೂ ಸಾಕೆಟ್ಟಿನಲ್ಲಿ ನೋಡಿದ್ದಂತೆ, ನಿನಗೆ ಇದನ್ನು ಯಾರು ಕಲಿಸಿದರು ಎಂದು ಸರ್ ಕೇಳಿದರಂತೆ.

“ನಾ ಗೌಂಡಿ ಕಾಕಾ ಅಂದೆ, ಪಪ್ಪಾ,” ಎಂದಳು ಖುಷಿಯಿಂದ.

ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಅದೇ ವಾರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಒಂದು ಹಳೆಯ ಗೋದಾಮಿನ ಅರ್ಧ ಭಾಗವನ್ನು ಆಫೀಸು ಮಾಡುವ ಕೆಲಸ ಬಂತು. ಗಡಿಬಿಡಿಯ ಕೆಲಸ. ಗಿಲಾವಿಗೆ ಯಾರನ್ನು ಹಾಕಲಿ ಎಂದು ಕಂತ್ರಾಟದಾರ ನನ್ನನ್ನು ಕೇಳಿದ. ಕಾಕಾಗೆ ವಯಸ್ಸಾಯಿತು, ಒಂದು ಬೋರ್ಡಿಗೆ ಅರ್ಧ ದಿನ ಕಳೆಯುತ್ತಾರೆ, ಕೆಲಸ ಹಿಂದೆ ಬೀಳುತ್ತದೆ ಎಂದೆ. ಅರ್ಧ ದಿನವಲ್ಲ, ಕಾಲು ತಾಸು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕಂತ್ರಾಟದಾರ ಹುಲಜಂತಿ ಕಡೆಯ ಬೇರೊಬ್ಬ ಗೌಂಡಿಯನ್ನು ಕರೆಸಿದ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು, ಕೈ ಬಹಳ ಚುರುಕು.

ನಾನು ಬೆಳಿಗ್ಗೆ ಲೈನು ಬಂದ್ ಮಾಡಿದ್ದೆ. ಊಟದ ಹೊತ್ತಿನಲ್ಲಿ ನೆಲದ ಫರಸಿ ಕಲ್ಲು ಕೊಯ್ಯುವವರು ಯಂತ್ರ ನಡೆಸಲು ಅದನ್ನು ಮತ್ತೆ ಚಾಲೂ ಮಾಡಿದ್ದರು. ಮೇನಿಗೆ ನಾನು ಕೀಲಿ ಹಾಕಿರಲಿಲ್ಲ, ಮುಟ್ಟಬೇಡಿ ಎಂಬ ಚೀಟಿಯನ್ನೂ ಅಂಟಿಸಿರಲಿಲ್ಲ. ಊಟ ಮುಗಿಸಿ ಬಂದ ಗೌಂಡಿ ಎರಡು ಡ್ರಮ್ಮುಗಳ ಮೇಲೆ ಹಲಗೆ ಇಟ್ಟು, ಎ.ಸಿ.ಯ ಎತ್ತರದ ಸಾಕೆಟ್ಟಿನ ಹತ್ತಿರ ನಿಂತು, ಲೈನು ಬಂದ್ ಇದೆಯಲ್ಲ ಎಂದು ಕೂಗಿ ಕೇಳಿದ. ನಾನು ಬೆನ್ನು ತಿರುಗಿಸಿ ಬೇರೆ ಕೆಲಸದಲ್ಲಿದ್ದೆ.

“ಮುಂಜಾನೇನ ಬಂದ್ ಮಾಡೀನಿ,” ಎಂದೆ. ಎದ್ದು ಹೋಗಿ ನೋಡಲಿಲ್ಲ.

ಆತ ಬಿದ್ದ ಸದ್ದು ಕೇಳಿ ತಿರುಗಿದೆ. ಅಂಗೈ ಸುಟ್ಟಿತ್ತು, ಬಲಭುಜ ಮುರಿದಿತ್ತು. ಜೀವ ಉಳಿಯಿತು. ಫರಸಿಯವರು ಲೈನು ಹಾಕಿದರು ಎಂದು ನಾನು ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲವಾದ್ದರಿಂದ ಎಲ್ಲರೂ ನಂಬಿದರು. ಆತ ನನ್ನನ್ನು ಕೇಳಿದ್ದ ಎಂಬುದನ್ನು ನಾನು ಹೇಳಲಿಲ್ಲ. ಆತನಿಗೂ ಆ ಘಳಿಗೆಯದು ಏನೂ ನೆನಪಿರಲಿಲ್ಲ.

ಕಾಕಾ ದವಾಖಾನೆಗೆ ಬಂದು ಆತನ ಹತ್ತಿರ ಇಡೀ ಮಧ್ಯಾಹ್ನ ಕೂತರು. ಗುರುತಿನವನಲ್ಲ, ತಮ್ಮ ಜಾಗಕ್ಕೆ ಬಂದವನು. ಅವನಿಗೆ ತಮ್ಮ ಕೈಯಿಂದ ಗಂಜಿ ಕುಡಿಸಿದರು. ಆಮೇಲೆ ಚಿಂಚೋಳಿಗೆ ಬಂದು ಅದೇ ಗೋಡೆಯನ್ನು ಮುಗಿಸಿಕೊಟ್ಟರು. ಮೊದಲು ತಾವು ಯಾಕೆ ಆ ಕೆಲಸಕ್ಕೆ ಇರಲಿಲ್ಲ ಎಂದು ನನ್ನನ್ನು ಕೇಳಲೇ ಇಲ್ಲ. ಅಂದಿನಿಂದ ನಾನು ಪ್ರತಿ ಬೋರ್ಡನ್ನೂ ಎರಡೆರಡು ಸಲ ನೋಡಿ, ಮೇನಿಗೆ ಕೀಲಿ ಹಾಕಿ, ಕೀಲಿಯನ್ನು ಅವರ ಕೈಗೇ ಕೊಡತೊಡಗಿದೆ. ಅವರು ಅದನ್ನು ಧೋತರದ ತುದಿಗೆ ಕಟ್ಟಿಕೊಂಡು, ಆಮೇಲೂ ತಮ್ಮ ಬಲ್ಬು ತೆಗೆಯುತ್ತಿದ್ದರು.

ಎರಡು ವರ್ಷದ ನಂತರ ಅವರಿಗೆ ದಮ್ಮು ಹೆಚ್ಚಿತು. ಧೂಳು ಎದೆಯೊಳಗೆ ಕೂತಿದೆ ಎಂದರು ಡಾಕ್ಟರು. ಕೆಲಸ ಬಿಟ್ಟು ಕಂದಲಗಾಂವದಲ್ಲೇ ಉಳಿದರು. ಒಂದು ಭಾನುವಾರ ನಾನೊಬ್ಬನೇ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಂತ್ರಾಟದಾರನ ಹತ್ತಿರ ನಿಮ್ಮ ಬಗ್ಗೆ ಹಾಗೆ ಹೇಳಿದ್ದು ನಾನೇ ಎಂದೆ. ಆ ಗೌಂಡಿ ನನ್ನನ್ನು ಕೇಳಿದ್ದ, ನಾನು ನೋಡದೆ ಉತ್ತರ ಕೊಟ್ಟೆ ಎಂಬುದನ್ನೂ ಹೇಳಿದೆ.

ಅವರು ಉಸಿರು ಕೂಡಿಸಿಕೊಂಡರು. “ನನ್ನ ವಿಷಯ ನನಗ ಆಗಲೇ ಗೊತ್ತಾಗಿತ್ತು. ಅದ ಇರಲಿ. ಆತಗ ಈಗ ಭುಜ ಎತ್ತಾಕ ಬರತದೇನು?”

ಅರ್ಧ ಮಾತ್ರ ಎತ್ತುತ್ತಾನೆ, ಗಿಲಾವು ಬಿಟ್ಟು ಊರಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾನಂತೆ ಎಂದೆ.

“ಹಂಗಾದ್ರ ನನ್ನ ಮುಂದ ಹೇಳಿ ಏನಾತು ತಮ್ಮಾ? ಆತನ ಮುಂದ ಹೇಳು.”

ಅಷ್ಟು ಹೇಳಿ ಕಣ್ಣು ಮುಚ್ಚಿದರು. ಕ್ಷಮಿಸಿದೆ ಎಂದು ಅವರ ಬಾಯಿಂದ ಬಂದೀತು ಎಂಬ ಆಸೆಯಿಂದ ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಎಂಟು ದಿನಕ್ಕೆ ತೀರಿಕೊಂಡರು.

ಮಣ್ಣಿಗೆ ಎಷ್ಟೋ ಊರುಗಳಿಂದ ಜನ ಬಂದಿದ್ದರು. ಚಾದರದ ಸಾಹುಕಾರ್ರು ಕಾರಿನಲ್ಲಿ ಬಂದಿದ್ದರು. ಒಬ್ಬೊಬ್ಬರೂ ಒಂದೊಂದು ನೆನಪು ತೆಗೆಯುತ್ತಿದ್ದರು. ನನ್ನ ಮಗಳು ತನ್ನ ಸ್ವಂತ ಅಜ್ಜ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಅವಳ ಬೆನ್ನು ಸವರುತ್ತ ನಿಂತಾಗ, ನಾನು ಹೋದ ದಿನ ಇವಳು ಇಷ್ಟು ಅಳುತ್ತಾಳೆಯೇ ಎಂಬ ಯೋಚನೆ ಬಂತು. ನಾಚಿಕೆಯಾಯಿತು. ಆದರೆ ಬಂದದ್ದು ನಿಜ.

ಹುಲಜಂತಿಗೆ ಹೋಗಲು ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು. ಆತ ಅಂಗಡಿಯಲ್ಲಿದ್ದ. ಸಕ್ಕರೆಯ ಡಬ್ಬಿಯನ್ನು ಎಡಗೈಯಿಂದ ಇಳಿಸುತ್ತಿದ್ದ. ಒಳಗೆ ಕರೆದು ಚಹಾ ತರಿಸಿದ. ಆ ಮಧ್ಯಾಹ್ನ ನೀನು ನನ್ನನ್ನು ಕೇಳಿದ್ದೆ, ನಾನು ನೋಡದೆ ಬಂದ್ ಇದೆ ಎಂದೆ ಎಂದು ಒಂದೇ ಉಸಿರಿಗೆ ಹೇಳಿದೆ. ಆತ ಎಡಗೈಯಿಂದ ಡಬ್ಬಿಯ ಮುಚ್ಚಳ ಒತ್ತಿದ. ನನ್ನ ಮುಖ ನೋಡಲಿಲ್ಲ.

“ಗೌಂಡಿ ಕಾಕಾ ಹೇಳಿ ಕಳಿಸಿದ್ರೇನ್ರಿ?” ಎಂದು ಕೇಳಿದ.

ಹೌದು ಎಂದೆ.

“ಅದಕ್ಕ ಬಂದೀರಿ. ಇಲ್ಲಂದ್ರ ಯಾರ ಬರ್ತಾರ್ರಿ.”

ಚಹಾದ ಬಶಿಯನ್ನು ನನ್ನ ಕಡೆ ಸರಿಸಿದ. ಆ ಮಾತಿನಲ್ಲಿ ಬೈಗುಳವಿರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಕಷ್ಟದ ಕೆಲಸ. ಅದರ ಹೆಸರೂ ಅವರ ಪಾಲಿಗೇ ಹೋಯಿತು. ಅಕ್ಕಲಕೋಟೆಗೆ ಹಿಂತಿರುಗುವ ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಉರಿಯುತ್ತಲೇ ಒಪ್ಪಿಕೊಂಡೆ, ಆತ ಹೇಳಿದ್ದು ಸರಿಯಾಗಿತ್ತು. ಅವರು ಹೇಳದಿದ್ದರೆ ನಾನು ಹೋಗುತ್ತಿರಲಿಲ್ಲ.