ಎಡಗಡೆಯಿಂದ ಬಂದ ಲಾರಿ

ರಾಯದುರ್ಗದಲ್ಲಿ ಸಿದ್ದರಾಮೇಶ ಎಂದರೆ ನಾಲ್ಕು ಜನ ಸಿಗುತ್ತಾರೆ. ಸೌಂಡ್ ಸಿದ್ದರಾಮೇಶ ಎಂದರೆ ಒಬ್ಬನೇ. ಹತ್ತೊಂಬತ್ತನೆಯ ವಯಸ್ಸಿಗೆ ಟಾಕೀಸಿನಲ್ಲಿ ರೀಲು ಸುತ್ತಲು ಸೇರಿದವನು. ಆಗ ಪರದೆಯ ಹಿಂದೆ ಎಮ್ಮೆಯಷ್ಟು ದೊಡ್ಡ ಸ್ಪೀಕರ್ ಒಂದೇ ಇತ್ತು. ಹೀರೋ ಅತ್ತರೂ ಅದರಲ್ಲೇ, ವಿಲನ್ ಗುಂಡು ಹೊಡೆದರೂ ಅದರಲ್ಲೇ. ಆಮೇಲೆ ಗೋಡೆಗೋಡೆಗೂ ಬಾಕ್ಸುಗಳು ಬಂದವು, ಗುಂಡು ಹಿಂದಿನಿಂದ ಹಾರಿ ಮುಂದೆ ಹೋಗುವುದನ್ನು ಕಲಿಯಿತು. ಇನ್ನೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಟಾಕೀಸೇ ಮುಚ್ಚಿ, ಒಳಗೆ ಜೀನ್ಸ್ ಪ್ಯಾಂಟಿನ ಗಂಟುಗಳು ತುಂಬಿಕೊಂಡವು. ಸಿದ್ದರಾಮೇಶ ಟೆಸ್ಟರ್ ಜೇಬಿಗೆ ಹಾಕಿಕೊಂಡು ಮನೆಮನೆಗೆ ಹೋಮ್ ಥಿಯೇಟರ್ ಕೂರಿಸುವ ಕೆಲಸ ಹಿಡಿದ. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ, ವಯಸ್ಸು ಮಾತ್ರ ಐವತ್ತೇಳು ಆಯಿತು.

ಅವನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಎಲ್ಲ ಜೋಡಿಸಿದ ಮೇಲೆ ಕೋಣೆಯ ನಟ್ಟನಡುವೆ ಒಂದು ಕುರ್ಚಿ ಹಾಕಿ ಕೂರುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಆಂಪ್ಲಿಫೈಯರ್ ತನ್ನ ಪರೀಕ್ಷೆಯ ಸದ್ದನ್ನು, ಒಗ್ಗರಣೆ ಚುರುಗುಟ್ಟಿದಂಥ ಒಂದು ‘ಶ್’ ಅನ್ನು, ಒಂದೊಂದೇ ಬಾಕ್ಸಿಗೆ ಕಳಿಸುತ್ತಿತ್ತು. ಮುಂದಿನ ಎಡ, ನಡು, ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ. ದೇವರಿಗೆ ಸುತ್ತು ಹಾಕಿದ ಹಾಗೆ. ಸದ್ದು ಹೋದ ಕಡೆಗೆ ಸಿದ್ದರಾಮೇಶನ ಬೆರಳು ಹೋಗುತ್ತಿತ್ತು. ‘ಇದು ಒಂದೀಟು ಕಡಿಮಿ, ಅದು ಒಂದೀಟು ಜಾಸ್ತಿ’ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಮನೆಯವರು ಬಾಗಿಲಲ್ಲಿ ನಿಂತು ಅವನ ಬೆರಳನ್ನೇ ನೋಡುತ್ತಿದ್ದರು. ಈ ಬೆರಳಿನ ಸುದ್ದಿ ಕೇಳಿಯೇ ಬೆಳುಗುಪ್ಪದಿಂದ ಹಿಡಿದು ಆ ಕಡೆ ಮಡಕಶಿರದವರೆಗೂ ಜನ ಅವನನ್ನು ಕರೆಸುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಎಡಗಿವಿಗೆ ಫೋನ್ ಇಟ್ಟುಕೊಂಡ. ಯಾರೂ ಮಾತಾಡಲಿಲ್ಲ. ಬಲಗಿವಿಗೆ ಇಟ್ಟುಕೊಂಡರೆ ಆಗಲೇ ಬೈಯುತ್ತಿದ್ದರು. ಅನಂತಪುರದ ಡಾಕ್ಟರು ನೋಡಿ, ನರ ಹೋಗಿದೆ, ಇನ್ನು ಬರುವುದಿಲ್ಲ, ಇನ್ನೊಂದು ಗಟ್ಟಿಯಾಗಿದೆಯಲ್ಲ ಸಂತೋಷಪಡಿ ಎಂದರು. ಸಂತೋಷಪಡಲು ಸಿದ್ದರಾಮೇಶ ಕಿರಾಣಿ ಅಂಗಡಿಯವನಾಗಿರಲಿಲ್ಲ. ಒಂದೇ ಕಿವಿಯಲ್ಲಿ ಸದ್ದು ಕೇಳುತ್ತದೆ, ಚೆನ್ನಾಗಿಯೇ ಕೇಳುತ್ತದೆ, ಆದರೆ ಯಾವ ಕಡೆಯಿಂದ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ರಸ್ತೆಯಲ್ಲಿ ಯಾರೋ ಕೂಗಿದರೆ ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಬೇಕು.

ಇದನ್ನು ಅವನು ಹೆಂಡತಿ ಸುಂಕಮ್ಮನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಸುಂಕಮ್ಮ ಗಾರ್ಮೆಂಟ್ಸಿನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುವವಳು, ಮಾತು ಕಡಿಮೆ. ಅಂದಿನಿಂದ ಬಜಾರಿಗೆ ಹೋದರೂ ಬಸ್ಸಿನಲ್ಲಿ ಕೂತರೂ ಅವನ ಬಲಗಡೆಗೇ ಬರುತ್ತಿದ್ದಳು, ಅಷ್ಟೆ.

ಕೆಲಸ ಬಿಡುವ ಹಾಗಿರಲಿಲ್ಲ. ಆಗ ಸಿದ್ದರಾಮೇಶನಿಗೆ ಒಂದು ಉಪಾಯ ಹೊಳೆಯಿತು. ಪರೀಕ್ಷೆಯ ಸದ್ದು ಸುತ್ತುವ ಕ್ರಮ ಎಂದೂ ಬದಲಾಗುವುದಿಲ್ಲ, ಒಂದೊಂದು ಬಾಕ್ಸಿನಲ್ಲಿ ಸರಿಯಾಗಿ ಎರಡೆಣಿಕೆ ನಿಲ್ಲುತ್ತದೆ. ಕಣ್ಣು ಮುಚ್ಚಿ ಒಳಗೊಳಗೇ ಒಂದು-ಎರಡು, ಒಂದು-ಎರಡು ಎಂದು ಎಣಿಸಿ ಬೆರಳು ತಿರುಗಿಸಿದರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಗೊತ್ತಾಗಲಿಲ್ಲ. ಮೂರು ವರ್ಷ ಅವನ ಬೆರಳು ಎಣಿಕೆಯ ಮೇಲೆ ಬದುಕಿತು. ಪ್ರತಿ ಸಲ ಕುರ್ಚಿಯಿಂದ ಏಳುವಾಗ ಅವನಿಗೆ ಕಲ್ಲು ಹೊತ್ತಷ್ಟು ದಣಿವಾಗುತ್ತಿತ್ತು.

ಅಮರಾಪುರದ ಹನುಮಂತಯ್ಯ ಕರೆದದ್ದು ಹೀಗಿರುವಾಗಲೇ. ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತನಾದ ಡ್ರೈವರ್. ಹೊಸ ಮನೆ ಕಟ್ಟಿಸುತ್ತಿದ್ದ. ‘ಎಲ್ಲಾರೂ ದೇವ್ರ ಮನೆ ದೊಡ್ಡದಾಗಿರ್ಲಿ ಅಂತಾರೆ. ನಂಗೊಂದು ಸಿನಿಮಾ ರೂಮು ಬೇಕು ಕಣಪ್ಪ. ಹಿಂದ್ಗಡೆಯಿಂದ್ಲೂ ಸೌಂಡು ಬರ್ಬೇಕು’ ಎಂದಿದ್ದ. ಗೋಡೆಗೆ ಗಾರೆ ಬಳಿಯುವ ಮೊದಲೇ ಸಿದ್ದರಾಮೇಶ ಹೋಗಿ, ಹಿಂದಿನ ಎರಡು ಬಾಕ್ಸುಗಳ ವೈರುಗಳನ್ನು ಗೋಡೆಯೊಳಗೆ ಹಾಯಿಸಿ ಟಿ.ವಿ. ಬರುವ ಜಾಗದಲ್ಲಿ ತುದಿ ಹೊರಗೆ ಬಿಟ್ಟು ಬಂದಿದ್ದ. ಎಡಗಡೆಯದಕ್ಕೆ ಕೆಂಪು ದಾರ, ಬಲಗಡೆಯದಕ್ಕೆ ಬಿಳಿ ದಾರ ಕಟ್ಟಿದ್ದ. ಅದು ಟಾಕೀಸಿನ ಕಾಲದಿಂದ ಅವನ ಗುರುತು.

ಗೃಹಪ್ರವೇಶವಾದ ಎರಡು ವಾರಕ್ಕೆ ಆಂಪ್ಲಿಫೈಯರು, ಬಾಕ್ಸುಗಳು, ಬ್ಲೂ-ರೇ ಪ್ಲೇಯರು ಎಲ್ಲ ಬಂದವು. ಸಿದ್ದರಾಮೇಶ ಬೆಳಗ್ಗೆ ಹೊರಟು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರದಲ್ಲಿ ಮತ್ತೊಂದು ಹಿಡಿದು ಮಧ್ಯಾಹ್ನಕ್ಕೆ ಅಮರಾಪುರ ಮುಟ್ಟಿದ. ಹಿಂದಿನ ಮೂಲೆಗಳಲ್ಲಿ ಬಾಕ್ಸು ಕೂರಿಸಿ, ಟಿ.ವಿ. ಕೆಳಗೆ ಬಗ್ಗಿ ನೋಡಿದರೆ ಕೆಂಪು ದಾರವೂ ಇಲ್ಲ, ಬಿಳಿ ದಾರವೂ ಇಲ್ಲ. ಎರಡು ವೈರಿನ ತುದಿಗೂ ಅರಿಶಿನದ ದಾರ, ಮೇಲೊಂದು ಕುಂಕುಮದ ಬೊಟ್ಟು.

‘ನಾನೇ ಕಟ್ಟಿದ್ದು’ ಎಂದಳು ಹನುಮಂತಯ್ಯನ ಹೆಂಡತಿ ಲಕ್ಷ್ಮಿದೇವಿ. ‘ಹೊಸ ಮನೇಲಿ ಬಿಳೀ ದಾರ ಬೋಳ್ ಬೋಳಾಗಿ ನೇತಾಡ್ತಿತ್ತು. ಪೂಜೆ ದಿನ ಚಂದಾನಾ? ಎರಡನ್ನೂ ಬಿಚ್ಚಿ ಅರಿಶಿನದ್ದು ಕಟ್ದೆ.’

‘ಚಲೋ ಮಾಡೀರಿ, ಬಿಡ್ರಿ’ ಎಂದ ಸಿದ್ದರಾಮೇಶ.

ಮೊದಲಾಗಿದ್ದರೆ ಇದೊಂದು ವಿಷಯವೇ ಅಲ್ಲ. ವೈರಿನ ತುದಿಗೆ ಸಣ್ಣ ಬ್ಯಾಟರಿ ತಾಗಿಸಿದರೆ ಆ ಕಡೆ ಬಾಕ್ಸು ‘ಟಿಕ್’ ಎನ್ನುತ್ತದೆ. ಯಾವ ಮೂಲೆಯಲ್ಲಿ ಅಂದಿತೋ ಆ ಮೂಲೆಯ ವೈರು ಅದು. ತಾಗಿಸಿದ. ‘ಟಿಕ್’ ಎಂದಿತು. ಎಲ್ಲಿ? ಮತ್ತೆ ತಾಗಿಸಿದ. ಮತ್ತೆ ‘ಟಿಕ್’. ಇಡೀ ಕೋಣೆಯೇ ಅಂದ ಹಾಗಿತ್ತು. ಮೇಲೆ ಕೂರಿಸಿದ ಬಾಕ್ಸನ್ನು ಬಿಚ್ಚಿ ನೋಡಲು ಹೋದರೆ ಯಾಕೆ ಎಂದು ಕೇಳುತ್ತಾರೆ. ‘ಯಜಮಾನ್ರ, ಯಾವ ಕಡೆ ಅಂತು ನೋಡ್ರಿ’ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹನುಮಂತಯ್ಯ ಎರಡು ಮಾರು ದೂರದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ. ಆದರೆ ಸೌಂಡ್ ಸಿದ್ದರಾಮೇಶ ಅದನ್ನು ಹೇಗೆ ಕೇಳುತ್ತಾನೆ? ಕೈಗೆ ಮೊದಲು ಸಿಕ್ಕ ವೈರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸಿಕ್ಕಿಸಿದ. ದೇವರ ಮೇಲೆ ಭಾರ ಹಾಕಿದ.

ಆಮೇಲೆ ಕುರ್ಚಿ ಹಾಕಿ ಕೂತ. ಗಂಡ ಹೆಂಡತಿ ಬಾಗಿಲಲ್ಲಿ ನಿಂತರು. ಕಣ್ಣು ಮುಚ್ಚಿ ಎಣಿಸಿದ. ಮುಂದಿನ ಎಡ, ನಡು, ಮುಂದಿನ ಬಲ. ಹಿಂದಿನ ಬಲಕ್ಕೆ ಬೆರಳು ತೋರಿಸಿದಾಗ ಹನುಮಂತಯ್ಯ ಒಮ್ಮೆ ಕೆಮ್ಮಿದ. ಹಿಂದಿನ ಎಡಕ್ಕೂ ತೋರಿಸಿ ಸಿದ್ದರಾಮೇಶ ಕಣ್ಣು ಬಿಟ್ಟ. ‘ಎಲ್ಲಾ ಸರಿ ಐತ್ರಿ’ ಎಂದ.

ಚೀಲದಿಂದ ಕನ್ನಡ, ತೆಲುಗು ಎರಡೂ ಇದ್ದ ಒಂದು ಸಿನಿಮಾ ಡಿಸ್ಕ್ ತೆಗೆದು ಹಾಕಿದ. ಲಕ್ಷ್ಮಿದೇವಿ ಕನ್ನಡದಲ್ಲೇ ಹಾಕು ಎಂದಳು. ಹತ್ತು ನಿಮಿಷ ಸಿನಿಮಾ ಓಡಿತು. ಹನುಮಂತಯ್ಯ ಎರಡು ಸಲ ಹಿಂದೆ ತಿರುಗಿ ನೋಡಿದ.

‘ಏನಪ್ಪ, ಹಿಂದ್ಗಡೆ ಬಾಕ್ಸು ಸುಮ್ನೆ ಕುಂತವಲ್ಲ?’

‘ಡಿಸ್ಕಿನಾಗ ಕನ್ನಡಕ್ಕ ಎರಡ ದಾರಿ ಕೊಟ್ಟಾರ್ರಿ, ಮುಂದಿನ ಎರಡು ಬಾಕ್ಸಿಗೆ ಅಷ್ಟ. ತೆಲುಗಿಗೆ ಐದೂ ಕೊಟ್ಟಾರ. ಅದೂ ಪೂರಾ ಸೌಂಡು. ಹಳೇ ಡಿ.ವಿ.ಡಿ.ಯಾಗ ಸೇಂಗಾ ಆರಿಸಿ ನಾಕ ಕಾಳು ಕೊಟ್ಟಂಗ ಕೊಡ್ತಿದ್ರು. ಈ ಬ್ಲೂ-ರೇದಾಗ ರಾಶಿ ರಾಶೀನ ಸುರುವ್ಯಾರ. ಆ ಪೂರಾ ಸೌಂಡಿಗೆ ಕೆಲವು ಡಿಸ್ಕಿನ ಮ್ಯಾಲೆ ಟ್ರೂ ಎಚ್‌ಡಿ ಅಂತ ಬರದಿರ್ತೈತಿ, ಕೆಲವುದರ ಮ್ಯಾಲೆ ಮಾಸ್ಟರ್ ಆಡಿಯೊ ಅಂತ. ಎರಡೂ ಒಂದ ಅಕ್ಕಿ, ಕುದಿಸಿದ ಮಡಕಿ ಬ್ಯಾರೆ.’

ಈ ಮಾತುಗಳನ್ನು ಅವನು ನೂರು ಮನೆಯಲ್ಲಿ ಹೇಳಿದ್ದ. ಕಿವಿ ಹೋದ ಮೇಲೆ ಇನ್ನೂ ಹೆಚ್ಚಾಗಿ ಹೇಳುತ್ತಿದ್ದ.

‘ತೆಲುಗೇ ಹಾಕು ಮತ್ತೆ. ನಮಗೇನು ಬರಲ್ವಾ?’ ಎಂದ ಹನುಮಂತಯ್ಯ.

ತೆಲುಗಿಗೆ ಬದಲಿಸಿದ. ಆಂಪ್ಲಿಫೈಯರಿನ ಮುಖದ ಮೇಲೆ ಮಾಸ್ಟರ್ ಆಡಿಯೊ ಎಂಬ ಅಕ್ಷರ ಹೊತ್ತಿಕೊಂಡಿತು. ಈಚೆಗೆ ಆ ದೀಪ ನೋಡಿಯೇ ಅವನು ಸಮಾಧಾನಪಟ್ಟುಕೊಳ್ಳುವುದು. ಸಿನಿಮಾದಲ್ಲಿ ಘಾಟಿ ರಸ್ತೆ, ಜೀಪಿನೊಳಗಿಂದ ಕಾಣುವ ತಿರುವುಗಳು. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಏರಿ ಬರುವ ಸದ್ದು. ಸಿದ್ದರಾಮೇಶ ಪರದೆ ನೋಡಲಿಲ್ಲ, ಹನುಮಂತಯ್ಯನನ್ನು ನೋಡುತ್ತಿದ್ದ. ಗಿರಾಕಿಯ ಮುಖ ನೋಡಿಯೇ ಅವನು ಈಗ ಕೆಲಸ ಹೇಗಿದೆ ಎಂದು ತಿಳಿಯಬೇಕು.

ಹನುಮಂತಯ್ಯನ ಬಲಗಾಲು ನೆಲವನ್ನು ಒತ್ತಿತು, ಬ್ರೇಕಿನ ಮೇಲೆ ಒತ್ತಿದ ಹಾಗೆ. ಕತ್ತು ಗಕ್ಕನೆ ಎಡಕ್ಕೆ ತಿರುಗಿತು. ಅಷ್ಟರಲ್ಲಿ ಪರದೆಯ ಮೇಲೆ ಲಾರಿ ಬಲಗಡೆಯಿಂದ ಮುಂದೆ ಹೋಯಿತು.

ಆ ತಿರುಗಿದ ಕತ್ತನ್ನು ನೋಡಿದ್ದೇ ಸಿದ್ದರಾಮೇಶನಿಗೆ ಗೊತ್ತಾಯಿತು, ಹಿಂದಿನ ವೈರುಗಳು ಅದಲುಬದಲಾಗಿವೆ.

‘ಇನ್ನೊಂದ್ಸಲ ಹಾಕು.’

ಹಾಕಿದ. ಮತ್ತೆ ಕತ್ತು ಎಡಕ್ಕೇ ತಿರುಗಿತು.

‘ಎಡಗಡೆ ಬಂದು ಬಲಗಡೆ ಹೋದ್ನಲ್ಲಪ್ಪ ಅವ್ನು. ಮೂವತ್ತೆರಡು ವರ್ಷ ಹಿಂದ್ಗಡೆ ಹಾರ್ನ್ ಕೇಳಿ ದಾರಿ ಬಿಟ್ಟಿದೀನಿ, ನಂಗೆ ಗೊತ್ತಾಗಲ್ವಾ?’ ಹನುಮಂತಯ್ಯ ಸಿಟ್ಟಿನಿಂದ ಹೇಳಲಿಲ್ಲ. ‘ಆಗ್ಲೆ ನೀನು ಕುರ್ಚಿ ಮೇಲೆ ಕೂತಾಗ್ಲೂ ಇಂಗೇ ಆತು. ನೀನು ಬಲಕ್ಕೆ ತೋರುಸ್ದೆ, ನಂಗೆ ಎಡಕ್ಕೆ ಕೇಳುಸ್ತು. ಬಲ್ಲೋನು ತೋರುಸ್ತಾವ್ನೆ, ನನ್ ಕಿವೀಗೇ ವಯಸ್ಸಾತು ಅನ್ಕಂಡು ಸುಮ್ನಾದೆ.’

ಡಿಸ್ಕಿನಲ್ಲೇ ಹಾಗೆ ರೆಕಾರ್ಡ್ ಆಗಿದೆ ಎಂಬ ಮಾತು ಸಿದ್ದರಾಮೇಶನ ನಾಲಗೆಯ ತುದಿಯಲ್ಲಿತ್ತು. ಎರಡು ಮನೆಯಲ್ಲಿ ಹೇಳಿಯೂ ಇದ್ದ, ಅವರು ನಂಬಿಯೂ ಇದ್ದರು. ಆದರೆ ಕಣ್ಣ ಮುಂದೆ ಕೂತ ಮುದುಕ ತನ್ನ ಗಟ್ಟಿ ಕಿವಿಯನ್ನೇ ಅನುಮಾನಪಟ್ಟಿದ್ದ. ಈ ಸುಳ್ಳನ್ನು ಇನ್ನೊಂದು ಮೆಟ್ಟಿಲು ಏರಿಸುವ ಶಕ್ತಿ ಸಿದ್ದರಾಮೇಶನಿಗೆ ಇರಲಿಲ್ಲ. ಸಾಕಾಗಿತ್ತು.

‘ನಿಮ್ಮ ಕಿವಿ ಸರಿ ಐತ್ರಿ’ ಎಂದ. ‘ನಂದ ಇಲ್ಲ. ಎಡಗಿವಿ ಹೋಗಿ ಮೂರು ವರ್ಷ ಆತು. ಎಲ್ಲಿಂದ ಬರ್ತೈತಿ ಅಂತ ತಿಳಿಯಂಗಿಲ್ಲ. ಎಣಿಸಿ ಬೆರಳ ತೋರ್ಸಿದ್ದೆ.’

ಲಕ್ಷ್ಮಿದೇವಿ, ‘ಅಯ್ಯೋ, ನಾನು ದಾರ ಬಿಚ್ಚದೆ ಇದ್ದಿದ್ರೆ’ ಎಂದು ಶುರುಮಾಡಿದಳು. ಸಿದ್ದರಾಮೇಶ ತಲೆಯಾಡಿಸಿದ. ‘ದಾರದ್ದೇನಿಲ್ಲ ಬಿಡ್ರಿ, ಅಕ್ಕ. ನಾ ಕೇಳಬೇಕಾಗಿತ್ತು.’

ಹನುಮಂತಯ್ಯ ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದ. ಬಂದವನು ಅದೇ ಕುರ್ಚಿಯ ಮೇಲೆ ಕೂತ.

‘ಕಿವಿ ಹೋಗಾದು ತಪ್ಪಲ್ಲ ಕಣಪ್ಪ. ಬಸ್ಸಿನ ಕನ್ನಡಿ ಒಡೆದೋದ್ರೆ ನಾವೇನು ಡಿಪೋಗಂಟ ಕಣ್ಮುಚ್ಕಂಡು ಓಡಿಸ್ತೀವಾ? ಕಂಡಕ್ಟರ್‌ನ ಕೇಳ್ತೀವಿ, ಅವ್ನು ಬಾಗ್ಲಲ್ಲಿ ನಿಂತು ಹೇಳ್ತಾನೆ. ಕನ್ನಡಿ ಇಲ್ದಿದ್ರೂ ಐತೆ ಅಂತ ಓಡ್ಸಿದ್ರೆ ಮಾತ್ರ ತಪ್ಪು. ಹೋಗು, ತಾಗ್ಸು ಬ್ಯಾಟ್ರಿ. ನಾ ಹೇಳ್ತೀನಿ.’

ಸಿದ್ದರಾಮೇಶ ಟಿ.ವಿ. ಕೆಳಗೆ ಬಗ್ಗಿದ. ‘ಟಿಕ್’ ಎಂದಿತು. ‘ಎಡ’ ಎಂದ ಹನುಮಂತಯ್ಯ. ಇನ್ನೊಂದು ತಾಗಿಸಿದ. ‘ಬಲ.’ ಎರಡು ವೈರು ಅದಲುಬದಲು ಮಾಡಲು ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಮುಖ ಟಿ.ವಿ. ಕಟ್ಟೆಯ ಕೆಳಗಿದ್ದದ್ದು ಅವನಿಗೆ ಒಳ್ಳೆಯದೇ ಆಯಿತು.

ಹೊರಡುವಾಗ ಹನುಮಂತಯ್ಯ ಹೇಳಿದ, ‘ಅಗಳೀಲಿ ನಮ್ಮ ಭಾವಮೈದ ಅವ್ನ ಮನೆ ಸೌಂಡಿಗೆ ನಿನ್ ಹೆಸ್ರು ಬರ್ಕಂಡವ್ನೆ. ಬರೋ ಭಾನುವಾರ ಹೋಗ್ಬೇಕು. ಬ್ಯಾಡ ಅನ್ನಲ್ಲ ನಾನು. ಆದ್ರೆ ಕಂಡಕ್ಟರ್‌ನ ಕರ್ಕಂಡೋಗು.’

ಮನೆ ಮುಟ್ಟಿದಾಗ ರಾತ್ರಿ ಊಟದ ಹೊತ್ತಾಗಿತ್ತು. ಸುಂಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಅವಳು ರೊಟ್ಟಿ ತಿರುವಿ ಹಾಕುತ್ತಾ ಕೇಳಿಸಿಕೊಂಡಳು.

‘ಭಾನುವಾರ ನಿನಗ ರಜಾ ಐತಲ್ಲ. ಅಗಳಿಗೆ ನೀನೂ ಬರ್ತಿಯೇನು?’ ಎಂದ.

‘ನನಗೇನ ತಿಳಿತೈತ್ರಿ ಅದು? ಹೊಲಿಗಿ ಮಷೀನ ಬಿಟ್ರ ನಾ ಏನ ಕೇಳೀನಿ?’

‘ಬಾ ಇಲ್ಲಿ.’

ನಡುಮನೆಯಲ್ಲಿ ಅವನ ಹಳೆಯ ಐದು ಬಾಕ್ಸುಗಳಿದ್ದವು, ಟಾಕೀಸು ಮುಚ್ಚಿದ ವರ್ಷ ಕೂರಿಸಿದ್ದು. ಕುರ್ಚಿ ತಂದು ನಡುವೆ ಹಾಕಿದ. ಸುಂಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಹಿಟ್ಟಿನ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಣ್ಣು ಮುಚ್ಚು ಎಂದ. ಮುಚ್ಚಿದಳು. ಪರೀಕ್ಷೆಯ ಸದ್ದು ಹಾಕಿದ.

ಅವಳ ಬೆರಳು ಮೆಲ್ಲಗೆ ಎದ್ದು ಮುಂದಿನ ಎಡಕ್ಕೆ ಹೋಯಿತು. ನಡುವಿಗೆ ಬಂತು. ಮುಂದಿನ ಬಲ. ಹಿಂದಿನ ಬಲಕ್ಕೆ ಕೈ ತಿರುಗಿಸಿ ತೋರಿಸಿದಳು. ಎಣಿಕೆ ಇಲ್ಲ, ಗಡಿಬಿಡಿ ಇಲ್ಲ. ಸಿದ್ದರಾಮೇಶ ಗೋಡೆಗೆ ಒರಗಿ ಆ ಬೆರಳನ್ನೇ ನೋಡಿದ. ಬಾಗಿಲಲ್ಲಿ ನಿಂತು ನೋಡುವವರಿಗೆ ತಾನು ಹೇಗೆ ಕಾಣುತ್ತಿದ್ದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು. ಹೊಟ್ಟೆಕಿಚ್ಚಾಯಿತು, ಸಂಕಟವಾಯಿತು, ಹಗುರವೂ ಆಯಿತು.

ಕೊನೆಗೆ ಹಿಂದಿನ ಎಡಕ್ಕೆ ಬಂದು ಅವಳ ಬೆರಳು ಅರ್ಧದಲ್ಲೇ ನಿಂತಿತು.

‘ಇದೊಂದು ಬಾಳ ಸಣ್ಣಗೈತ್ರಿ’ ಎಂದಳು ಸುಂಕಮ್ಮ, ಕಣ್ಣು ಬಿಡದೆ. ‘ನಾ ಜಳಕದ ಮನಿಯಿಂದ ಬರುವಾಗೆಲ್ಲ ಅನ್ಕೊಂತಿದ್ದೆ. ಎರಡು ವರ್ಷದಿಂದ ಹಿಂಗ ಐತಿ.’

‘ಮತ್ತ ಯಾಕ ಹೇಳಲಿಲ್ಲ?’

‘ನೀವು ಕೇಳಲಿಲ್ಲಲ್ರಿ.’

ಸಿದ್ದರಾಮೇಶ ಸ್ಟೂಲು ಎಳೆದುಕೊಂಡು ಹತ್ತಿ, ಆ ಬಾಕ್ಸಿನ ಹಿಂದೆ ಕೈ ಹಾಕಿದ. ತುಕ್ಕು ಹಿಡಿದು ಸಡಿಲವಾದ ವೈರು ಬೆರಳಿಗೆ ಸಿಕ್ಕಿತು.

‘ಕಣ್ಣು ಬಿಡಬ್ಯಾಡ’ ಎಂದ. ‘ಸರಿ ಆದ ಕೂಡ್ಲೆ ಹೇಳು.’