ಜೊತೆಗೊಬ್ಬರು

ಶಾಸಕರ ಸಂಬಳ ಏರಿದ ಸುದ್ದಿ ಬಂದಾಗಲೆಲ್ಲ ನಮ್ಮಪ್ಪ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಏರಿತು ಎಂದು ಊರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದರೆ ಅಪ್ಪ ಮಾತ್ರ, "ಯಾವತ್ತಿಂದ ಜಾರಿ?" ಎನ್ನುತ್ತಾರೆ.

ಅದಕ್ಕೆ ಕಾರಣವಿದೆ. ನಿವೃತ್ತರಾಗುವವರೆಗೆ ಅಪ್ಪ ಸರ್ಕಾರದಲ್ಲಿ ಕೆಲಸ ಮಾಡಿದ್ದು ಇದೇ ವಿಷಯದ ಶಾಖೆಯಲ್ಲಿ. ಶಾಸಕರ ವೇತನ, ಭತ್ಯೆ, ಪಿಂಚಣಿಗಳನ್ನು ತಿದ್ದುವ ಮಸೂದೆಗಳ ಕರಡು ತಯಾರಾಗುತ್ತಿದ್ದದ್ದು ಅಲ್ಲೇ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಸವೇಶ್ವರನಗರದ ಬಸ್ ಸ್ಟಾಪಿಗೆ ಓಡುತ್ತಿದ್ದ ಅಪ್ಪ, ಮನೆಗೆ ಬಂದು ಊಟಕ್ಕೆ ಕೂತಾಗ ಆ ಮಸೂದೆಗಳ ಕಥೆ ಹೇಳುತ್ತಿದ್ದರು. ಬೇರೆ ಮಕ್ಕಳು ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿ ಬೆಳೆದರೆ ನಾನೂ ನನ್ನ ತಮ್ಮನೂ ದಿನಭತ್ಯೆ, ಪ್ರಯಾಣಭತ್ಯೆ ಕೇಳಿ ಬೆಳೆದೆವು. ಅದರಿಂದ ನಮಗೇನೂ ಲುಕ್ಸಾನಾಗಲಿಲ್ಲ, ನೆಂಟರಿಷ್ಟರು ಮಾತ್ರ ನಮ್ಮ ಮನೆಗೆ ಬರಲು ಸ್ವಲ್ಪ ಹೆದರುತ್ತಿದ್ದರು.

ಕಥೆ ಪ್ರತಿಸಲವೂ ಒಂದೇ. ಸದನದ ಮೊಗಸಾಲೆಯಲ್ಲಿ ಯಾರೋ ಒಬ್ಬ ಸದಸ್ಯರು ಕಾಫಿ ಕುಡಿಯುತ್ತಾ, "ನಮ್ದು ಏರಿಸಿ ಎಷ್ಟು ವರ್ಷ ಆಯ್ತು?" ಎನ್ನುತ್ತಾರೆ. ಆ ಮಾತು ಹೇಗೋ ಇಳಿದು ಅಪ್ಪನ ಮೇಜಿಗೆ ಬರುತ್ತದೆ. ಅಪ್ಪ ಅಕ್ಕಪಕ್ಕದ ರಾಜ್ಯಗಳಿಗೆ ಬರೆದು ಅಲ್ಲಿನ ದರ ತರಿಸುತ್ತಾರೆ. ಸಂಬಳ, ಕ್ಷೇತ್ರ ಸುತ್ತುವ ಭತ್ಯೆ, ಫೋನು, ಅಂಚೆ, ಆಪ್ತ ಸಹಾಯಕನ ಸಂಬಳ, ಎಲ್ಲವನ್ನೂ ಹೋಲಿಸುತ್ತಾರೆ. ಹಣಕಾಸಿನವರು ಒಮ್ಮೆ ಗೊಣಗುತ್ತಾರೆ, ಸಂಪುಟ ಒಪ್ಪುತ್ತದೆ. ಜೀವನವೆಚ್ಚ ಹೆಚ್ಚಿರುವುದರಿಂದ ಎಂದು ಒಂದು ಸಾಲಿನ ಕಾರಣ ಬರೆದು, ಅಧಿವೇಶನದ ಕೊನೆಯ ದಿನ, ಎಲ್ಲರೂ ಊರಿಗೆ ಹೊರಡುವ ಅವಸರದಲ್ಲಿರುವಾಗ ಮಸೂದೆ ಮಂಡಿಸುತ್ತಾರೆ. ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದ ಎರಡೂ ಕಡೆಯವರು ಆ ಕ್ಷಣಕ್ಕೆ ಒಂದೇ ದನಿಯಲ್ಲಿ 'ಹೌದು' ಎನ್ನುತ್ತಾರೆ.

"ಬಡಿಸೋರು ನಮ್ಮೋರಾದ್ರೆ ಯಾವ ಪಂಕ್ತೀಲಿ ಕೂತ್ರೇನು" ಎಂದು ಅಮ್ಮ ನಗುತ್ತಿದ್ದಳು.

ಅಪ್ಪ ನಗುತ್ತಿರಲಿಲ್ಲ. "ಹಂಗನ್ಬೇಡ ಕಣೇ. ಸಂಬಳ ಕೊಡದೇ ಇದ್ರೆ ದುಡ್ಡಿರೋರು ಮಾತ್ರ ಅಲ್ಲಿಗೆ ಬರ್ತಾರೆ. ಕೊಡಬೇಕು. ಆದ್ರೆ ತಗೊಳ್ಳೋರೇ ಕೂತ್ಕೊಂಡು ತೀರ್ಮಾನ ಮಾಡ್ಬಾರದು. ಒಂದು ಗಳಿಗೆ ಎದ್ದು ಆಚೆ ಹೋಗ್ಬೇಕು" ಎನ್ನುತ್ತಿದ್ದರು. ಇಡೀ ನೌಕರಿಯಲ್ಲಿ ಅವರಿಗಿದ್ದ ತಕರಾರು ಇದೊಂದೇ.

ಸದನದಲ್ಲಿ ನಡೆಯದ ತಕರಾರನ್ನು ಅಪ್ಪ ಮನೆಯಲ್ಲಿ ನಡೆಸಿಕೊಂಡರು. ಪ್ರತಿವರ್ಷ ಯುಗಾದಿಯ ನಂತರದ ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಮಕ್ಕಳ ಕೈಖರ್ಚಿನ ಪರಿಷ್ಕರಣೆ. ಅರ್ಜಿ ಹಾಕುವವರು ಎದ್ದು ನಿಂತು ಕಾರಣ ಹೇಳಬೇಕು. ಹೇಳಿದ ಮೇಲೆ ಆಚೆ ಹೋಗಬೇಕು. ಉಳಿದವರು ಬಾಗಿಲು ಹಾಕಿಕೊಂಡು ತೀರ್ಮಾನಿಸಬೇಕು. ಎದುರುಮನೆ ಹುಡುಗಿಗೆ ನನಗಿಂತ ಜಾಸ್ತಿ ಕೊಡುತ್ತಾರೆ ಎಂದು ನಾನೊಮ್ಮೆ ವಾದ ಹೂಡಿದೆ. "ಅವಳು ನಿನ್ನ ತೋರಿಸಿ ಅವರಪ್ಪನ ಹತ್ರ ಕೇಳಿರ್ತಾಳೆ. ಪಕ್ಕದ ರಾಜ್ಯದೋರೂ ಹಿಂಗೇ. ಅವರು ನಮ್ಮನ್ನ ನೋಡಿ ಏರಿಸ್ತಾರೆ, ನಾವು ಅವರನ್ನ ನೋಡಿ ಏರಿಸ್ತೀವಿ" ಎಂದು ಅಪ್ಪ ಅರ್ಜಿ ತಳ್ಳಿಹಾಕಿದರು. ನನಗೆ ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಆಚೆ ಹೋಗುವುದೆಂದರೆ ನಮಗೆ ರಸ್ತೆಗೆ ಓಡುವುದು. ಮೂಲೆಯ ಪಾರ್ಕಿನ ಜಾರುಬಂಡೆ ಹತ್ತಿ ಕೂತರೆ, ಅಮ್ಮ ಗೇಟಿಗೆ ಬಂದು ಕೂಗಿದ ಮೇಲೆಯೇ ವಾಪಸು ಬರುತ್ತಿದ್ದೆವು. ಒಳಗೆ ಏನು ಮಾತಾಯಿತು ಎಂಬುದು ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಅಪ್ಪ ಊಟದ ಹೊತ್ತಿಗೆ ಒಬ್ಬ ಮಾಜಿ ಸದಸ್ಯರ ವಿಷಯ ಹೇಳಿದರು. ಹಾಲಿ, ಮಾಜಿ ಸದಸ್ಯರ ರೈಲು ಪ್ರಯಾಣದ ನಿಯಮದಲ್ಲಿ 'ಜೊತೆಗೊಬ್ಬರು' ಎಂದಿತ್ತಂತೆ. ವಯಸ್ಸಾದ ಆ ಮನುಷ್ಯರು ಅಪ್ಪನ ಶಾಖೆಗೆ ಬಂದು, ಸಂಕೋಚದಿಂದ, ಹಾಗೆಂದರೆ ಹೆಂಡತಿಯನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದರಂತೆ. ಧಾರಾಳವಾಗಿ ಹೋಗಿ ಸಾರ್ ಎಂದು ಅಪ್ಪ ಕಳಿಸಿದರಂತೆ.

ಅಮ್ಮ ಸಾರಿನ ಸೌಟು ಹಿಡಿದವಳು ಬಡಿಸದೆ ನಿಂತಳು. "ಹೋದ್ರಾ?" ಎಂದು ಕೇಳಿದಳು.

"ಹೋಗಿರ್ತಾರೆ. ಸಾರು ಹಾಕು" ಎಂದರು ಅಪ್ಪ.

ಮುಂದಿನ ಯುಗಾದಿಯ ಭಾನುವಾರ ನಮ್ಮಿಬ್ಬರ ಅರ್ಜಿ ಮುಗಿದ ಮೇಲೆ, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. "ನಂದೂ ಒಂದು ಅರ್ಜಿ ಐತ್ರಿ" ಎಂದಳು. ನಾವು ಮೂವರೂ ನಕ್ಕೆವು. ಬೆಂಗಳೂರಿನ ಮಾತು ಚೆನ್ನಾಗಿ ರೂಢಿಯಾಗಿದ್ದ ಅಮ್ಮನ ಬಾಯಲ್ಲಿ ತವರಿನ ಮಾತು ಬಂದರೆ ಅವಳು ತಮಾಷೆ ಮಾಡುತ್ತಿಲ್ಲ ಎಂದರ್ಥ. ನಕ್ಕ ಮೇಲೆ ಅದು ನಮಗೆ ನೆನಪಾಯಿತು.

ಅಮ್ಮನ ತವರು ಹರಿಹರ. ಪ್ರತಿ ಬೇಸಿಗೆ ರಜೆಯಲ್ಲಿ ನಮ್ಮಿಬ್ಬರನ್ನು ಕಟ್ಟಿಕೊಂಡು ರೈಲಿನಲ್ಲಿ ಹೋಗುತ್ತಿದ್ದಳು. ಅಪ್ಪ ಯಶವಂತಪುರದ ಸ್ಟೇಷನ್ನಿನವರೆಗೆ ಬಂದು, ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟು, ಅಲ್ಲಿಂದಲೇ ಆಫೀಸಿಗೆ ಹೋಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅವರಿಬ್ಬರೂ ಹರಿಹರದ ಹೊಳೆ ಮೆಟ್ಟಿಲ ಮೇಲೆ ಕೂತಿದ್ದರಂತೆ. ಅಪ್ಪ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದರಂತೆ. ಅಪ್ಪನಿಗೆ ಖಾರ ಹತ್ತಿ ಹೊಳೆಯ ನೀರನ್ನೇ ಮೊಗೆದು ಕುಡಿದರಂತೆ. ಆ ಸಂಜೆಯ ಕಥೆಯನ್ನು ಅಮ್ಮ ರೈಲು ಬೀರೂರು ದಾಟುವ ಹೊತ್ತಿಗೆ ಪ್ರತಿವರ್ಷ ನಮಗೆ ಹೇಳುತ್ತಿದ್ದಳು. ಆಮೇಲೆ ಅಪ್ಪ ಹರಿಹರಕ್ಕೆ ಹೋದದ್ದೆಲ್ಲ ಮದುವೆಗೋ ಮಣ್ಣಿಗೋ, ಬೆಳಿಗ್ಗೆ ಹೋಗಿ ರಾತ್ರಿಗೆ ವಾಪಸು.

"ಸದಸ್ಯರಿಗೆ ರೈಲಿನಾಗೆ ಜೊತೆಗೊಬ್ಬರು ಅಂತ ನೀವೇ ಹೇಳಿದ್ರಿ. ನಾನೂ ವರ್ಷಕ್ಕೊಂದು ಸಲ ರೈಲಿನಾಗೆ ಹೋಗ್ತೀನಿ. ನನಗೂ ಜೊತೆಗೊಬ್ಬರು ಬೇಕು. ನಾಕು ದಿನ ಸಾಕು. ದುಡ್ಡೇನೂ ಬ್ಯಾಡ" ಎಂದಳು ಅಮ್ಮ.

ಹೇಳಿ, ನಿಯಮದ ಪ್ರಕಾರ ಆಚೆ ಹೋದಳು. ಅವಳೇನು ಪಾರ್ಕಿಗೆ ಓಡುವವಳೇ? ಗೇಟಿನ ಒಳಗೇ, ನಂದಬಟ್ಟಲು ಗಿಡದ ಹತ್ತಿರ ನಿಂತು ಹೂ ಬಿಡಿಸತೊಡಗಿದಳು.

ಅಪ್ಪ ಬಾಗಿಲು ಹಾಕಿ ಬಂದರು. "ಹೌದು ಅಂದ್ಬಿಡ್ರೋ. ಅವಳಿಗೆ ಖುಷಿ ಆಗುತ್ತೆ. ಹೋಗೋದು ಬಿಡೋದು ಆಮೇಲೆ. ನಾಕು ದಿನ ಹೊಳೆ ನೋಡ್ಕೊಂಡು ಕೂತ್ಕೊಳ್ಳೋಕೆ ಯಾರಿಗಿದೆ ಪುರುಸೊತ್ತು? ಎರಡು ದಿನಕ್ಕೆ ಅವಳೇ ಮರೀತಾಳೆ" ಎಂದರು. ನಾವು 'ಹೌದು' ಎಂದು ಕೂಗಿದೆವು.

ಅಮ್ಮ ಸೆರಗಿನ ತುಂಬ ಹೂ ಇಟ್ಟುಕೊಂಡು ಒಳಗೆ ಬಂದಳು. ನಗುತ್ತಾ, "ಏನಾಯ್ತು?" ಎಂದು ಕೇಳಿದಳು.

"ಸರ್ವಾನುಮತದಿಂದ ಪಾಸಾಗಿದೆ. ಜಾರಿಗೆ ಬರೋ ದಿನಾಂಕ ಆಮೇಲೆ ತಿಳಿಸಲಾಗುತ್ತೆ" ಎಂದರು ಅಪ್ಪ.

ಇದೂ ಅಪ್ಪನ ಕಸುಬಿನ ಮಾತೇ. ಕಾಯ್ದೆ ಪಾಸಾಗುವುದು ಬೇರೆ, ಜಾರಿಗೆ ಬರುವುದು ಬೇರೆ. ಸರ್ಕಾರ ಇಂಥ ದಿನದಿಂದ ಎಂದು ಪ್ರಕಟಿಸುವವರೆಗೆ ಕೆಲವು ಕಾಯ್ದೆಗಳು ಪುಸ್ತಕದಲ್ಲೇ ಮಲಗಿರುತ್ತವೆ. ಸಂಬಳದ ಕಾಯ್ದೆಗೆ ಮಾತ್ರ ಆ ಗತಿ ಬಂದದ್ದನ್ನು ನಾನು ಕೇಳಿಲ್ಲ. ಬೇಕಾದರೆ ಅದು ಹಿಂದಿನ ತಾರೀಖಿನಿಂದಲೂ ಜಾರಿಯಾಗುತ್ತದೆ, ಬಾಕಿಯೂ ಕೈಗೆ ಬರುತ್ತದೆ.

ಅಮ್ಮನ ಕಾಯ್ದೆ ಮಲಗಿತು. ಆ ಬೇಸಿಗೆಯಲ್ಲಿ ಅಧಿವೇಶನ ಮುಂದಕ್ಕೆ ಹೋಯಿತು. ಮರುವರ್ಷ ಚುನಾವಣೆ. ಆಮೇಲೆ ಅಪ್ಪನಿಗೆ ಬಡ್ತಿ. ನಿವೃತ್ತಿಯಾದ ಮೇಲಾದರೂ ಹೋಗುತ್ತಾರೆ ಎಂದುಕೊಂಡರೆ, ಅನುಭವಸ್ಥರು ಬೇಕು ಎಂದು ಯಾವುದೋ ಸಮಿತಿಗೆ ಮತ್ತೆ ಕರೆದರು, ಅಪ್ಪ ಇಸ್ತ್ರಿ ಅಂಗಿ ತೊಟ್ಟು ಮತ್ತೆ ಬಸ್ಸು ಹತ್ತಿದರು. ಅಷ್ಟರಲ್ಲಿ ಅಮ್ಮನಿಗೆ ಮಂಡಿನೋವು, ಸಕ್ಕರೆ ಕಾಯಿಲೆ, ಕೊನೆಗೆ ಡಯಾಲಿಸಿಸ್. ರಾಜಾಜಿನಗರದ ಆಸ್ಪತ್ರೆಗೆ ಹೋಗಿ ಬರುವಾಗ ಆಟೋದಲ್ಲಿ ಅಪ್ಪ ಅವಳ ಪಕ್ಕದಲ್ಲೇ ಕೂತಿರುತ್ತಿದ್ದರು. ಅವರಿಬ್ಬರೂ ಜೊತೆಯಾಗಿ ಅಷ್ಟು ಪ್ರಯಾಣ ಮಾಡಿದ್ದು ಅದೇ ಮೊದಲು.

ಅಮ್ಮ ಆ ಅರ್ಜಿಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅಪ್ಪ ಹೇಳಿದ್ದೇ ಸರಿ, ಮರೆತಿದ್ದಾಳೆ ಎಂದು ನಾನೂ ನಂಬಿದ್ದೆ.

ಈಗ ಅವಳಿಲ್ಲ. ಅಪ್ಪ ಕೆಳಗಿನ ಮನೆಯಲ್ಲಿದ್ದಾರೆ, ನಾನು ನನ್ನ ಸಂಸಾರದೊಂದಿಗೆ ಮೇಲಿನ ಮಹಡಿಯಲ್ಲಿದ್ದೇನೆ. ತಮ್ಮ ಕೆಂಗೇರಿಯಲ್ಲಿ ಮನೆ ಮಾಡಿದ್ದಾನೆ. ವಿಜಯನಗರದಲ್ಲಿ ದಾವಣಗೆರೆ ಕಡೆಯವರೊಬ್ಬರು ಮಂಡಕ್ಕಿ ಗಾಡಿ ಹಾಕಿದ್ದಾರೆ. ಮೆಟ್ರೋ ಇಳಿದು ಬರುವಾಗ ಆ ವಾಸನೆಗೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಕಟ್ಟಿಸಿಕೊಂಡು ಬರುತ್ತೇನೆ. ಅಪ್ಪ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಖಾರ ಎಂದು ಪಕ್ಕಕ್ಕಿಡುತ್ತಾರೆ. ನಾನೂ ಪೊಟ್ಟಣ ಮಡಚಿಡುತ್ತೇನೆ. ಅಮ್ಮ ಬೇಕು ಅನಿಸುತ್ತದೆ. ಐವತ್ತು ದಾಟಿದವಳು ಹೀಗೆ ಅನ್ನುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಅಪ್ಪನ ಕಣ್ಣು ಮಂಜಾದ ಮೇಲೆ ಬೆಳಿಗ್ಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸ. ಈಚೆಗೆ ಶಾಸಕರ ಸಂಬಳ ಮತ್ತೆ ಏರಿದ ದಿನವೂ ಓದಿದೆ. ಸದನದಲ್ಲಿ ಗದ್ದಲ, ಆ ಗದ್ದಲದ ನಡುವೆಯೇ ಮಸೂದೆ ಪಾಸು, ಚರ್ಚೆ ಇಲ್ಲ. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಯಾವತ್ತಿಂದ ಜಾರಿ?" ಎಂದರು.

ಅದೇನಾಯಿತೋ ನನಗೆ ರೇಗಿಹೋಯಿತು. "ಅಮ್ಮಂದು ಯಾವತ್ತಿಂದ ಜಾರಿ ಅಪ್ಪಾ? ಇವರಿಗೆಲ್ಲ ತಾರೀಖು ಸಿಗುತ್ತೆ, ಅವಳಿಗೊಂದು ಸಿಗ್ಲಿಲ್ಲ. ಹರಿಹರಕ್ಕೆ ಬರ್ತೀನಿ ಅಂತ ಮೂಗಿಗೆ ತುಪ್ಪ ಸವರಿ ಕೂರಿಸಿದ್ರಿ" ಎಂದುಬಿಟ್ಟೆ.

ಅಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದರು. ನೆನಪಿಲ್ಲವೇನೋ ಎಂದುಕೊಂಡೆ. ಕಾಫಿ ಆರಿದ ಮೇಲೆ, "ನೀನು ಸ್ವಲ್ಪ ಆಚೆ ಹೋಗು" ಎಂದರು.

"ಯಾಕೆ?"

"ಅರ್ಜಿ ಕೊಟ್ಟೆಯಲ್ಲ. ಆಚೆ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಪಾರ್ಕಿಗೆ ಓಡುವ ವಯಸ್ಸು ನನ್ನದಲ್ಲ. ಗೇಟಿನ ಒಳಗೇ ನಂದಬಟ್ಟಲು ಗಿಡದ ಹತ್ತಿರ ನಿಂತೆ. ಅಮ್ಮ ಹೋದ ಮೇಲೆ ಬಿಡಿಸುವವರಿಲ್ಲದೆ ಹೂ ನೆಲದ ತುಂಬ ಬಿದ್ದಿರುತ್ತದೆ. ಸುಮ್ಮನೆ ನಿಲ್ಲಲಾರದೆ ಒಂದೊಂದೇ ಬಿಡಿಸಿ ವೇಲಿಗೆ ಹಾಕಿಕೊಳ್ಳತೊಡಗಿದೆ.

ಆಗ ಅಪ್ಪನ ದನಿ ಕೇಳಿಸಿತು. ಕೂಗಿ ಹೇಳಿದ್ದಲ್ಲ, ತಮ್ಮಷ್ಟಕ್ಕೇ ಆಡಿಕೊಂಡ ಮಾತು. ಆದರೆ ಹಾಲ್‌ನ ಕಿಟಕಿ ಮೇಲಿನ ವೆಂಟಿಲೇಟರಿಗೆ ಮನೆ ಕಟ್ಟಿದಾಗಿನಿಂದ ಬಾಗಿಲಿಲ್ಲ, ಅದು ಸರಿಯಾಗಿ ಗಿಡದ ನೆತ್ತಿಯ ಮೇಲಿದೆ. ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಅಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. "ಹರಿಹರದ ಅರ್ಜಿ. ಒಪ್ಪೋರು ಹೌದು ಅನ್ನಿ" ಎಂದರು. ಆಮೇಲೆ ಅವರೊಬ್ಬರದೇ ದನಿ, "ಹೌದು."

ನನ್ನ ಕೈ ಗಿಡದ ಮೇಲೇ ನಿಂತಿತು. ಹಾಗಾದರೆ ಅವತ್ತು ಅಮ್ಮನಿಗೂ ಎಲ್ಲ ಕೇಳಿಸಿತ್ತು. ಖುಷಿಗೆ ಹೌದು ಅನ್ನಿ ಎಂದದ್ದು, ಯಾರಿಗಿದೆ ಪುರುಸೊತ್ತು ಎಂದದ್ದು, ಎರಡು ದಿನಕ್ಕೆ ಮರೀತಾಳೆ ಎಂದದ್ದು. ಕೇಳಿಸಿಕೊಂಡು, ಹೂ ಬಿಡಿಸುವುದನ್ನು ಮುಗಿಸಿ, ಒಳಗೆ ಬಂದು ನಗುತ್ತಾ ಏನಾಯ್ತು ಎಂದು ಕೇಳಿದ್ದಳು. ಅವಳು ಮರೆತಿರಲಿಲ್ಲ. ತಾರೀಖು ಇಲ್ಲವೆಂದು ಅವಳಿಗೆ ಅವತ್ತೇ ಗೊತ್ತಿತ್ತು, ಅದಕ್ಕೇ ಮತ್ತೆ ಕೇಳಲಿಲ್ಲ. ಒಂದು ಸಲ ಅವಳ ಹೆಗಲು ಹಿಡಿದು ಅಲುಗಾಡಿಸಿ, ಜಗಳ ಯಾಕೆ ಆಡಲಿಲ್ಲ ಅಮ್ಮಾ ಎಂದು ಕೇಳಬೇಕೆನಿಸಿತು. ಹಿಡಿಯಲು ಹೆಗಲಿಲ್ಲ.

"ಬಾ" ಎಂದು ಅಪ್ಪ ಕರೆದರು.

ಕಣ್ಣೊರೆಸಿಕೊಂಡು ಒಳಗೆ ಹೋದೆ. ಅಪ್ಪ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಗೇಟಿನ ಹತ್ತಿರ ಎಲ್ಲ ಕೇಳಿಸುತ್ತದೆ ಎಂಬುದು ಅವರಿಗೆ ಇಷ್ಟು ವರ್ಷವಾದರೂ ಗೊತ್ತಿಲ್ಲ. ಹೇಳಿಬಿಡಲೇ ಎಂದು ನಾಲಿಗೆಯ ತುದಿಯವರೆಗೆ ಬಂತು. ಅಮ್ಮ ಹೇಳಲಿಲ್ಲ, ನಾನು ಹೇಳಲು ಯಾರು?

ನಕ್ಕೆ. "ಏನಾಯ್ತು ಅಪ್ಪಾ?" ಎಂದು ಕೇಳಿದೆ.

"ಪಾಸಾಯ್ತು. ಈ ಕ್ಷಣದಿಂದಾನೇ ಜಾರಿ" ಎಂದರು. ಆಮೇಲೆ ಕೈಯನ್ನು ಕುರ್ಚಿಯ ತೋಳಿನ ಮೇಲೆ ಸವರುತ್ತಾ, ಅವತ್ತು ಆ ಮಾಜಿ ಸದಸ್ಯರು ಕೇಳಿರಬಹುದಾದಷ್ಟೇ ಸಂಕೋಚದಿಂದ, "ಆ ಹೊಳೆ ಮೆಟ್ಟಿಲು ಇಳಿಯೋಕೆ ನಂಗೆ ಜೊತೆಗೊಬ್ಬರು ಬೇಕಮ್ಮ. ನಿಂಗೆ ಪುರುಸೊತ್ತಿದೆಯಾ?" ಎಂದರು.

"ಇದೆ" ಎಂದೆ. ವೇಲಿನ ಹೂವನ್ನು ಅವರ ಮುಂದಿನ ಮೇಜಿನ ಮೇಲೆ ಸುರಿದು, ಅಲ್ಲೇ ನಿಂತುಕೊಂಡು ಫೋನಿನಲ್ಲಿ ಎರಡು ಟಿಕೆಟ್ ಮಾಡಿಸಿದೆ.