ಗ್ರೀಕ್ ಮೇವ್ರೌ ಮತ್ತೆ ನನ್ನ ಅರ್ಧ ವಾದ

ಹೋದ ಶನಿವಾರ ರೈಸ್‌ವೈಕ್ ಸಂತೇಲಿ ಜೇನುತುಪ್ಪ ಮಾರೋನ ಅಂಗಡಿ ಮುಂದೆ ನಿಂತು ಮೇಣದ ಬತ್ತಿ ಮೂಸ್ತಾ ಇದ್ದೆ. ಒಂದಲ್ಲ, ನಾಲ್ಕು. "ತಗೊಳ್ತೀಯಾ, ಇಲ್ಲ ಮೂಸೇ ಖಾಲಿ ಮಾಡ್ತೀಯಾ?" ಅಂದ ಅವ್ನು. ತಗೊಂಡೆ. ಜೇನುಮೇಣದ ವಾಸ್ನೆ ಅಷ್ಟೊತ್ತಿಗೆ ನನ್ನನ್ನ ಎತ್ಕೊಂಡು ಹೋಗಿ ಹೈಸ್ಕೂಲಿನ ಹೀಟರ್ ಪಕ್ಕ ಕೂರಿಸ್ಬಿಟ್ಟಿತ್ತು...

ನಮ್ಮ ಟೀಚರನ್ನ ಮೇವ್ರೌ ಅಂತಿದ್ವಿ. ಇಲ್ಲಿ ಡಚ್ಚಲ್ಲಿ ಟೀಚರಮ್ಮಂದಿರನ್ನ ಕರೆಯೋದೇ ಹಾಗೆ. ಗ್ರೀಕ್ ಕಲಿಸ್ತಿದ್ರು. ನಾನು ಸೇರಿದ್ದು ಗಿಮ್ನಾಸಿಯಂ ಅನ್ನೋ ಥರದ ಹೈಸ್ಕೂಲು, ಗ್ರೀಕು ಲ್ಯಾಟಿನ್ನು ಓದಿಸೋದು. ಮೈಸೂರಲ್ಲಿ ತಾತ ಇದನ್ನ ಗರಡಿಮನೆ ಅಂದ್ಕೊಂಡು, "ದಿನಾ ಬಾದಾಮಿ ತಿನ್ನು ಮಗಾ" ಅಂತ ಫೋನಲ್ಲಿ ಹೇಳ್ತಿದ್ರು. ಕ್ಲಾಸಲ್ಲಿ ಜೋಕ್ ಮಾಡ್ದೆ. ಮೇವ್ರೌ ನಗ್ಲಿಲ್ಲ. "ನಿಮ್ಮ ತಾತ ಸರಿ. ಗ್ರೀಕ್ ಹುಡುಗರು ಕುಸ್ತಿ ಆಡ್ತಿದ್ದ ಜಾಗಕ್ಕೇ ಮೇಷ್ಟ್ರುಗಳೂ ಬಂದು ಪಾಠ ಮಾಡ್ತಿದ್ದಿದ್ದು" ಅಂದ್ರು. ಜೋಕು ನನ್ನ ಮೇಲೇ ಬಿತ್ತು.

ಆ ಕಾಲದ ಮಕ್ಕಳು ಮೇಣ ಬಳಿದ ಹಲಗೆ ಮೇಲೆ ಕಡ್ಡೀಲಿ ಬರೀತಿದ್ರು ಅಂತ ನಮ್ ಕೈಲೂ ಹಲಗೆ ಮಾಡ್ಸಿದ್ರು. ತಪ್ಪಾದ್ರೆ ಸವರಿಬಿಟ್ರೆ ಆಯ್ತು. ನಾನು ಸವರಿ ಸವರಿ ಕೆಳಗಿನ ಮರವೇ ಕಾಣಿಸ್ತು. ಉಳಿದ ಮೇಣ ಮೆತ್ತಗಾಗ್ಲಿ ಅಂತ ಹೀಟರ್ ಮೇಲಿಟ್ಟೆ. ಮೆತ್ತಗಾಯ್ತು. ಪ್ಯಾಂಟಿಗೆ, ಬ್ಯಾಗಿಗೆ, ಮುಂದಿನ ಬೆಂಚಿನ ಹುಡುಗಿ ಜಡೆಗೆ...

ಆ ವರ್ಷ ಗ್ರೀಕಲ್ಲಿ ನಾನು ಹತ್ತಕ್ಕೆ ನಾಲ್ಕು ದಾಟ್ಲೇ ಇಲ್ಲ. ಹೀಗೇ ಇದ್ರೆ ಬೇಸಿಗೆ ರಜಕ್ಕೆ ಮುಂಚೆ ಇವನನ್ನ ಕೆಳಗಿನ ಹಂತದ ಸ್ಕೂಲಿಗೆ ಕಳಿಸ್ತೀವಿ ಅಂತ ಮನೆಗೆ ಕಾಗದ ಬಂತು. ಅಮ್ಮ ಅದನ್ನ ಫ್ರಿಜ್ಜಿಗೆ ಅಂಟಿಸಿದ್ಲು. ಹಾಲು ತೆಗೆಯೋಕೆ ಹೋದಾಗೆಲ್ಲ ನನ್ನ ಜಾತಕ ನಾನೇ ಓದ್ಬೇಕು. ನಿಜ ಹೇಳ್ಬೇಕಂದ್ರೆ ನನಗೂ ಆ ಸ್ಕೂಲ್ ಬಿಡೋಕೆ ಇಷ್ಟ ಇರ್ಲಿಲ್ಲ. ಆದ್ರೆ ಹಾಗಂತ ಬಾಯ್ಬಿಟ್ರೆ ಜೋಕರ್ ಕೆಲಸ ಹೋಗತ್ತಲ್ಲ!

ಮಾರ್ಕ್ಸ್ ಏರಿಸೋಕೆ ಒಂದು ಚಾನ್ಸ್ ಕೊಟ್ರು: ಗ್ರೀಕರ ಶಿಕ್ಷಣ ಹೇಗೆ ಬೆಳೀತು ಅಂತ ಕ್ಲಾಸ್ ಮುಂದೆ ಮಾತಾಡ್ಬೇಕು. ಅಮ್ಮ ಮಗ್ಗಿ ಥರ ಬಾಯಿಪಾಠ ಮಾಡ್ಸಿದ್ಲು. ಊರೂರು ಸುತ್ತಿ ಮಾತುಗಾರಿಕೆ ಕಲಿಸ್ತಿದ್ದ ಸೋಫಿಸ್ಟ್‌ಗಳು, ಪ್ರಶ್ನೆ ಕೇಳಿ ಕೇಳೀನೇ ಕಲಿಸಿದ ಸಾಕ್ರಟೀಸು, ತೋಪಲ್ಲಿ ಶಾಲೆ ತೆರೆದ ಅವನ ಶಿಷ್ಯ ಪ್ಲೇಟೋ, ನಡ್ಕೊಂಡೇ ಪಾಠ ಹೇಳ್ತಿದ್ದನಂತೆ ಅನ್ನೋ ಅರಿಸ್ಟಾಟಲು, ಎಲ್ಲಾ ಒಂದೇ ಉಸಿರಲ್ಲಿ ಒಪ್ಪಿಸ್ದೆ. "ಇವರಲ್ಲಿ ನಿನಗೆ ಯಾರು ಮೇಷ್ಟ್ರಾಗ್ಬೇಕು?" ಅಂದ್ರು ಮೇವ್ರೌ. ಆ ಸಾಲು ಅಮ್ಮ ಕಲಿಸಿರ್ಲಿಲ್ಲ. ಬೇರೆ ದಾರಿ ಕಾಣ್ದೆ ಮತ್ತೆ ಮೊದಲಿಂದ ಶುರು ಮಾಡ್ಬಿಟ್ಟೆ!

ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಯಾಕ್ ನಗ್ತೀರ? ಗ್ರೀಕರೂ ಇಲ್ಲಿಂದಾನೇ ಶುರು ಮಾಡಿದ್ದು, ಪದ್ಯಗಟ್ಟಲೆ ಕಂಠಪಾಠ" ಅಂದ್ರು ಮೇವ್ರೌ. "ಇವನು ಮೊದಲನೇ ಮೆಟ್ಟಿಲಲ್ಲಿದ್ದಾನೆ, ಅಷ್ಟೆ. ಮಂಗಳವಾರ ಎರಡನೇದು ಹತ್ತಿಸ್ತೀನಿ."

ನಿಜವಾಗ್ಲೂ ಹತ್ತಿಸಿದ್ರು. ಪ್ರತಿ ಮಂಗಳವಾರ ಸ್ಕೂಲ್ ಬಿಟ್ಮೇಲೆ ನನ್ನೊಬ್ಬನಿಗೋಸ್ಕರ ಕೂರ್ತಿದ್ರು. ಸೋಫಿಸ್ಟ್ ಮೆಟ್ಟಿಲಲ್ಲಿ ಒಂದೇ ವಿಷಯಕ್ಕೆ ಎರಡೂ ಕಡೆ ವಾದ. ಮೊದಲು ಎದುರಾಳಿ ಕಡೆ, ಆಮೇಲೆ ನಿನ್ನ ಕಡೆ. ಸಾಕ್ರಟೀಸ್ ಮೆಟ್ಟಿಲಲ್ಲಿ ಬರೀ ಪ್ರಶ್ನೆ. "ಧೈರ್ಯ ಅಂದ್ರೇನು?" "ಗೊತ್ತಿಲ್ಲ ಮೇವ್ರೌ." "ಬಹಳ ಒಳ್ಳೇದು, ಈಗ ಶುರು ಮಾಡೋಣ." ಗೊತ್ತಿಲ್ಲ ಅಂದಿದ್ದಕ್ಕೆ ನನ್ನನ್ನ ಹೊಗಳಿದ್ದು ಭೂಮಿ ಮೇಲೆ ಅವ್ರೊಬ್ರೇ...

ಜೂನಲ್ಲಿ ಪೇರೆಂಟ್ಸ್ ಮೀಟಿಂಗು. ಇಲ್ಲಿ ಒಬ್ಬೊಬ್ರಿಗೆ ಹತ್ತೇ ನಿಮಿಷ. ಹನ್ನೊಂದನೇ ನಿಮಿಷಕ್ಕೆ ಮುಂದಿನವ್ರು ಬಾಗಿಲು ತಟ್ತಾರೆ. "ಇವನು ಇಲ್ಲೇ ಉಳೀತಾನಾ ಮೇಡಂ?" ಅಂದ್ಲು ಅಮ್ಮ. ಮೇವ್ರೌ ನನ್ನ ಕಡೆ ತಿರುಗಿದ್ರು. "ನೀನೇ ಹೇಳು. ಉಳೀಬೇಕಾ?"

ಕಲಿತ ಹಾಗೇ ಎದುರಾಳಿ ಕಡೆಯಿಂದ ಶುರು ಮಾಡ್ದೆ. ನಾನು ಸೋಮಾರಿ. ಕ್ರಿಯಾಪದ ಕಂಡ್ರೆ ಜ್ವರ ಬರತ್ತೆ. ಸ್ಕೂಲಿನ ಹೀಟರ್‌ಗಳಿಗೂ ಜಡೆಗಳಿಗೂ ನನ್ನಿಂದ ಅಪಾಯ. ಸಾಕ್ಷಿ ಸಮೇತ ಹೇಳ್ದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾತಾಡಿರ್ಲಿಲ್ಲ. "ಇನ್ನು ನನ್ನ ಕಡೆ" ಅನ್ನೋಷ್ಟ್ರಲ್ಲಿ ಬಾಗಿಲು ಟಕ್ ಟಕ್.

"ಅಯ್ಯೋ ಮಂಕೇ, ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊಂಡ್ಯಲ್ಲೋ!" ಅಂದ್ಲು ಅಮ್ಮ.

ಮೇವ್ರೌ ಎದ್ದು ಕೋಟು ಹಾಕ್ಕೊಂಡ್ರು. ಹೊರಗೆ ನಿಂತಿದ್ದವ್ರಿಗೆ "ಸ್ವಲ್ಪ ಕಾಯ್ಬೇಕು" ಅಂದ್ರು. ಈ ದೇಶದಲ್ಲಿ ಅಪಾಯಿಂಟ್‌ಮೆಂಟ್ ಇಟ್ಕೊಂಡವ್ರನ್ನ ಹಾಗೆ ಕಾಯಿಸಿದ್ದು ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ, ಆಮೇಲೂ ನೋಡಿಲ್ಲ. "ಬಾ, ಇನ್ನರ್ಧ ನಡೀತಾ ಹೇಳು. ಅರಿಸ್ಟಾಟಲ್ ಮೆಟ್ಟಿಲು."

ಮೂರೂ ಜನ ಸೈಕಲ್ ಸ್ಟ್ಯಾಂಡ್ ಸುತ್ತ ನಡೆದ್ವಿ. ಒಂದು ಜೋಕೂ ಬಾಯಿಗೆ ಬರ್ಲಿಲ್ಲ. "ನನಗೆ ಮಂಗಳವಾರ ಬೇಕು ಮೇವ್ರೌ" ಅಂದೆ. ಅಷ್ಟೇ ಬಂದಿದ್ದು.

ಮೇವ್ರೌ ಇನ್ನೊಂದು ಸುತ್ತು ನಡೆಸಿದ್ರು. ಆಮೇಲೆ ಅಮ್ಮನಿಗೆ, "ಎರಡನೇ ಅರ್ಧ ತೀರಾ ಚಿಕ್ಕದಾಯ್ತು. ಅದನ್ನ ಸರಿ ಮಾಡೋಕೆ ನನಗೆ ಇನ್ನೂ ಒಂದು ವರ್ಷ ಬೇಕು. ಟೀಚರ್ಸ್ ಮೀಟಿಂಗಲ್ಲಿ ಹಾಗೇ ಹೇಳ್ತೀನಿ, ನೀವು ಮನೆಗೆ ಹೋಗಿ" ಅಂದ್ರು. ಹೇಳಿದ್ರು, ಜಗಳಾನೂ ಆಡಿದ್ರಂತೆ. ಉಳ್ಕೊಂಡೆ.

ಅವ್ರು ತೀರ್ಕೊಂಡಿದ್ದು ನನಗೆ ಗೊತ್ತಾಗಿದ್ದು ಈ ವರ್ಷ, ಮೂರು ತಿಂಗಳು ತಡವಾಗಿ, ಹಳೇ ಕ್ಲಾಸ್‌ಮೇಟ್ ಒಬ್ಬಳ ಮೆಸೇಜಿಂದ. ಸ್ಕೂಲಿನೋರು ನೆನಪಿನ ಪುಸ್ತಕ ಮಾಡ್ತಿದ್ದಾರೆ, ನೀನೂ ನಾಲ್ಕು ಸಾಲು ಬರಿ ಅಂದಿದ್ಲು. ಆಫೀಸಲ್ಲಿ ಊಟದ ಹೊತ್ತಲ್ಲಿ ಬರೆಯೋಕೆ ಕೂತೆ. ಅವ್ರು ಯಾವೂರಲ್ಲಿ ಹುಟ್ಟಿದ್ದು, ಮನೇಲಿ ಯಾರಿದ್ರು, ಗ್ರೀಕ್ ಮೇಲೆ ಅವ್ರಿಗೆ ಪ್ರೀತಿ ಹುಟ್ಟಿಸಿದ್ದು ಯಾರು... ಒಂದೂ ಗೊತ್ತಿಲ್ಲ. ಅಷ್ಟೂ ಮಂಗಳವಾರ ಅವ್ರು ನನ್ನನ್ನ ಕೇಳ್ತಾನೇ ಇದ್ರು. ನಾನು ಅವ್ರನ್ನ ಒಂದೇ ಒಂದ್ಸಲ ಏನಾದ್ರೂ ಕೇಳಿದ್ದು ನೆನಪಿಲ್ಲ.